ಅರವತ್ತು ನಿಮಿಷದ ಗೋಡೆ

ಡೆಬ್ರೆಟ್ಸೆನ್ನಿನ ಹತ್ತಂತಸ್ತಿನ ಕಟ್ಟಡ.
ಮೆಟ್ಟಿಲ ಪಕ್ಕದ ಗೋಡೆಗೆ ಎಮೆಶೆ
ಬೆರಳ ಗೆಣ್ಣಿನಿಂದ ಬಡಿಯುತ್ತಾಳೆ,
ಕಲ್ಲಂಗಡಿ ಕೊಳ್ಳುವವಳ ಹಾಗೆ.

ಬೆಂಕಿಯನ್ನು ಅರವತ್ತು ನಿಮಿಷ
ಆಚೆಯೇ ತಡೆದಿಡಬೇಕು ಇದು.
ಆಮೇಲೆ ಬಿದ್ದರೂ ಯಾರೂ ಬೈಯುವುದಿಲ್ಲ.

ಎಂಟನೆಯ ಮಹಡಿಯಲ್ಲಿ ಸದ್ದು ಬದಲಾಯಿತು.
ಗಿಲಾವಿನ ಹಿಂದೆ ಮುಷ್ಟಿಯಗಲ ತೂತು,
ಯಾವುದೋ ಕೇಬಲ್ಲಿಗೆಂದು ಕೊರೆದದ್ದು;
ಒಳಗೆ ತುರುಕಿದ ಹಳೆಯ ಪತ್ರಿಕೆ.
ಎಳೆದು ನೋಡಿದಳು: ಹವಾಮಾನದ ಪುಟ.
ನಾಳೆ ಒಣಹವೆ, ಜೋರು ಗಾಳಿ.

ಬಾಗಿಲು ತೆರೆದ ಪಿರೋಶ್ಕಾ ಅಜ್ಜಿ
"ಚಳಿ ನುಗ್ಗುತ್ತಿತ್ತು, ನಾನೇ ತುರುಕಿದೆ" ಎಂದಳು.

"ಕೆಳಗಿಳಿಯಲು ಎಷ್ಟು ಹೊತ್ತು ನಿಮಗೆ?"

"ಬೆಕ್ಕನ್ನೂ ಎತ್ತಿಕೊಂಡರೆ..."
ಅಜ್ಜಿ ಲೆಕ್ಕಕ್ಕೆ ಬಿದ್ದಳು.
ಎಮೆಶೆ ಕಾಯುತ್ತ ನಿಂತಳು,
ತೂತಿಗೆ ಅಂಗೈ ಒತ್ತಿಕೊಂಡು.