ಮೂರನೆಯದರ ನಿದ್ದೆ

ಊರೆಂದರೆ ತೊಂಬತ್ತು ಮನೆ,
ಒಂದು ಶಾಲೆ, ಒಂದು ಇಗರ್ಜಿ, ಒಂದು ಸ್ನಾನದ ಮನೆ.
ಅಲಾಸ್ಕಾದ ಅಂಚಿನಲ್ಲಿ, ನದಿ ಸಮುದ್ರಕ್ಕೆ ಸೋಲುವಲ್ಲಿ
ಕಂಬಗಳ ಮೇಲೆ ಕಾಲೂರಿ ನಿಂತಿದೆ.
ಕೆಳಗಿನ ನೆಲ ಬೇಸಿಗೆಯಲ್ಲೂ ಒಳಗೊಳಗೇ ಹೆಪ್ಪು.

ಹೊರಗಿನ ತಂತಿ ಯಾವುದೂ ಇಲ್ಲಿಗೆ ಬಂದಿಲ್ಲ.
ಬರುವುದು ದೋಣಿ, ವರ್ಷಕ್ಕೊಮ್ಮೆ, ಹಿಮ ಒಡೆದ ಮೇಲೆ,
ಹೊಟ್ಟೆ ತುಂಬ ಡೀಸೆಲ್ ಹೊತ್ತು.
ಅಂದು ಊರಿಗೆ ಊರೇ ದಡದಲ್ಲಿ ನಿಂತು
ಕೊಳವೆ ಗುಟುಕರಿಸುವುದನ್ನು ಕೇಳುತ್ತದೆ.
ಟ್ಯಾಂಕು ಎಷ್ಟು ತುಂಬಿತೋ
ಮುಂದಿನ ಚಳಿಗಾಲ ಅಷ್ಟೇ ಉದ್ದ.

ಎವೋನ್ ಮೂವತ್ತೊಂದು ವರ್ಷದಿಂದ
ಆ ತಗಡಿನ ಶೆಡ್ಡಿನ ಕೀಲಿ ಸೊಂಟಕ್ಕೆ ಕಟ್ಟಿಕೊಂಡವನು.
ಒಳಗೆ ಮೂರು ಎಂಜಿನ್.
ಮೊದಲನೆಯದು ಉಳಿದೆರಡಕ್ಕೆ ಬಿಡಿಭಾಗ ಕೊಟ್ಟು ಕೊಟ್ಟು ಖಾಲಿ.
ಎರಡನೆಯದು ಮುಂಗೋಪಿ.
ಮೂರನೆಯದಕ್ಕೆ ಅವನು ಹೆಸರಿಟ್ಟಿಲ್ಲ;
'ಮೂರನೆಯದು' ಎನ್ನುವಾಗ ಮಾತ್ರ
ದನಿ ಒಂದು ಮೆಟ್ಟಿಲು ಇಳಿಯುತ್ತದೆ.

ಅದರ ಬಿಸಿಯೂ ದಂಡವಾಗಲಿಲ್ಲ:
ಮೈ ತಣಿಸಿದ ನೀರು ಕೊಳವೆ ಹಿಡಿದು
ಸ್ನಾನದ ಮನೆಯನ್ನು ಬಳಸಿ ಬರುತ್ತಿತ್ತು.
ಮೀನು ಕೊಯ್ದು ಮರಗಟ್ಟಿದ ಬೆರಳು
ಅಲ್ಲಿ ಮತ್ತೆ ಬೆರಳಾದವು.
ಹೊಗೆಯಾಗಿ ಮೇಲೆ ಹೋದದ್ದನ್ನು
ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ.

ಆಮೇಲೆ ಐದು ಗಾಳಿಯಂತ್ರ ಬಂದವು.
ಗಾಳಿ ಬಂದಾಗ ತೂರಿಕೋ ಎನ್ನುತ್ತದೆ ನನ್ನ ಭಾಷೆ.
ಇಲ್ಲಿ ಕಣವಿಲ್ಲ, ಮೊರವಿಲ್ಲ, ತೂರಲು ಒಂದು ಹಿಡಿ ರಾಗಿಯಿಲ್ಲ;
ಗಾಳಿ ಮಾತ್ರ, ಬೇಲಿಯೇ ಕಾಣದೆ ಬೆಳೆದ ಗಾಳಿ.

ಎವೋನನ ತಂಗಿಯ ಮಗಳು ನಸ್ತಾಸ್ಯ
ಪರದೆಯ ಮುಂದೆ ಕೂತು ಕಲಿತಳು:
ಊರು ಕೇಳುವುದೆಷ್ಟು, ಗಾಳಿ ಕೊಡುವುದೆಷ್ಟು,
ಬ್ಯಾಟರಿಯ ಎದೆಯಲ್ಲಿ ಉಳಿದಿರುವುದೆಷ್ಟು.
ಮಿಕ್ಕದ್ದು ಮುದುಕರ ಮನೆಯ ಒಲೆಗಳ
ಇಟ್ಟಿಗೆಗೆ ಇಳಿದು ಬೆಳಗಿನವರೆಗೂ ಬೆಚ್ಚಗಿರುತ್ತಿತ್ತು.
ನವೆಂಬರಿನ ಒಂದು ರಾತ್ರಿ ಅವಳೆಂದಳು,
"ಮಾವ, ಇವತ್ತು ಪೂರ್ತಿ ನಿಲ್ಲಿಸಬಹುದು."

ಅವನು ಕೈಗವಸು ಕಳಚಿದ.
ಮತ್ತೆ ಹಾಕಿಕೊಂಡ.

ಎರಡು ಹದಿನೇಳಕ್ಕೆ
ಮೂರನೆಯದು ಒಮ್ಮೆ ನಡುಗಿ, ಸುಮ್ಮನಾಯಿತು.

ಊರಿಗೆ ಎಚ್ಚರವಾಯಿತು.
ಹೌದು, ಸದ್ದಿಗಲ್ಲ.
ನಾಯಿಗಳು ಎದ್ದು ಕತ್ತು ಓರೆ ಮಾಡಿದವು.
ಹಸುಗೂಸೊಂದು ಕಣ್ಣು ಬಿಟ್ಟಿತು, ಅಳಲಿಲ್ಲ.
ಎಂಬತ್ತರ ಉಲ್ಯಾನಾ ತುಪ್ಪಳದ ಅಂಗಿ ಹೊದ್ದು
ಹಲಗೆಯ ದಾರಿಯಲ್ಲಿ ಬಂದೇಬಿಟ್ಟಳು:
"ಯಾರು ಹೋದರು?"

ದೀಪಗಳು ಉರಿಯುತ್ತಲೇ ಇದ್ದವು.
ಅವಳು ದೀಪ ನೋಡಿದಳು, ಶೆಡ್ಡು ನೋಡಿದಳು,
ತುಂಬ ಹೊತ್ತು ಕಿವಿ ಹಿಡಿದು ನಿಂತಳು.
"ಹಿಮ ಸರಿಯುವುದು ಕೇಳಿಸುತ್ತದೆ," ಎಂದಳು,
"ಹುಡುಗಿಯಾಗಿದ್ದಾಗ ಕೇಳಿದ್ದೆ."

ದೀಪ ಆರಿತು ಎನ್ನಬಾರದೆಂದು
ನನ್ನ ಕಡೆಯವರು ಮಾತು ಬದಲಿಸುತ್ತಾರೆ.
ಎವೋನನೂ ಪುಸ್ತಕದಲ್ಲಿ 'ನಿಂತಿತು' ಎಂದು ಬರೆದು,
ಹೊಡೆದು, 'ಮಲಗಿದೆ' ಎಂದು ಬರೆದ.
ಎಂಜಿನ್ನಿನ ಮಗ್ಗುಲಲ್ಲಿ ಪುಟ್ಟ ಹೀಟರಿನ ಕೆಂಪು ಕಣ್ಣು:
ಗಾಳಿಯೇ ಅದಕ್ಕೆ ಕರೆಂಟು ಕಳಿಸುತ್ತಿತ್ತು,
ಮುದುಕನ ಮೈ ತಣ್ಣಗಾಗದಂತೆ.
ಅವನು ಅಂಗೈ ಇಟ್ಟು ನೋಡಿದ.
ಬೆಚ್ಚಗಿತ್ತು.
ತನಗೇಕೆ ಮುನಿಸು ಬಂತೋ ತಿಳಿಯಲಿಲ್ಲ.

ಬೆಳಗ್ಗೆ ಸ್ನಾನದ ಮನೆಯ ನೀರು ಉಗುರುಬೆಚ್ಚಗಷ್ಟೇ.
ಹೆಂಗಸರು ಬೈದರು; ಬೈಗುಳ ಎವೋನನಿಗೆ,
ಗಾಳಿಗೆ ಬೈದು ಉಪಯೋಗವಿಲ್ಲವಲ್ಲ.
ನಸ್ತಾಸ್ಯ ಕಾಗದದ ಮೇಲೆ ಇನ್ನೊಂದು ಗೀಟು ಎಳೆದಳು:
ಮುಂದಿನ ಸಲ ಈ ನೀರಿಗೂ ಒಂದು ಪಾಲು.

ಮೂರನೇ ರಾತ್ರಿ ಗಾಳಿ ಬಿತ್ತು.
ಹೇಳದೆ ಕೇಳದೆ, ನೆಂಟರು ಎದ್ದು ಹೋದಂತೆ.
ರೆಕ್ಕೆಗಳು ನಿಧಾನವಾದವು, ಬ್ಯಾಟರಿ ಇಳಿಯಿತು,
ಒಂಬತ್ತು ಸೆಕೆಂಡು ಊರು ಉಸಿರು ಹಿಡಿಯಿತು.
ಆಮೇಲೆ ತಗಡು ನಡುಗಿತು.

ನಾಯಿಗಳು ಮಲಗಿದವು.
ಎವೋನ್ ಕುರ್ಚಿಯಲ್ಲೇ ಗೊರಕೆ ಹೊಡೆದ.
ಉಲ್ಯಾನಾಳ ಕಿಟಕಿಯಲ್ಲಿ ಮಾತ್ರ
ದೀಪ ಬಹಳ ಹೊತ್ತು ಉರಿಯಿತು.