ಅದು ಕ್ಲಾಸಿಗೆ ಹೋತು

ಇಲಾಖೆಯ ಸುತ್ತೋಲೆ ಬಂದಾಗ ನನಗೆ ಐವತ್ಮೂರು.
ಹಿಂದಿ ಪಾಸಾದರೆ ಒಂದು ಇನ್‌ಕ್ರಿಮೆಂಟು.
ಸಾಗರದ ಪೋಸ್ಟಾಫೀಸಿನ ಹಿಂದಿನ ಕೋಣೆ,
ಹರಿದ ಮೇಲ್‌ಚೀಲಗಳ ವಾಸನೆ, ಸಂಜೆ ಐದೂವರೆ,
ಮೈಮೂನಾ ಟೀಚರು ಹಲಗೆಯ ನಡುವೆ ಗೆರೆ ಎಳೆದರು:
ಈ ಕಡೆ ಗಂಡು, ಆ ಕಡೆ ಹೆಣ್ಣು.
ಗೆರೆಯ ಮೇಲೆ ನಿಲ್ಲಲು ಯಾರಿಗೂ ಜಾಗವಿಲ್ಲ.

ಪತ್ರ ಗಂಡಂತೆ. ಅದೇ ಕಾಗದವನ್ನು ಚಿಟ್ಠಿ ಎಂದರೆ ಹೆಣ್ಣು.
ಕುರ್ಚಿ ಹೆಣ್ಣು, ಮೇಜೂ ಹೆಣ್ಣು,
ದಿನಕ್ಕೆ ಸಾವಿರ ಸಲ ನಾನು ಗುದ್ದುವ ಮೊಹರೂ.
"ಮೀಸೆ?" ಎಂದ ಪೋಸ್ಟ್‌ಮನ್ ಟೇಕಪ್ಪ.
"ಮೂಂಛ್. ಅದೂ ಹೆಣ್ಣೇ."
ಆಮೇಲೆ ಇಡೀ ವಾರ ಆತ ಮೀಸೆ ಮುಟ್ಟಿಕೊಳ್ಳಲಿಲ್ಲ.

ಈಕಾರಾಂತವೆಲ್ಲ ಹೆಣ್ಣು, ಬರೆದುಕೊಳ್ಳಿ ಎಂದರು.
ಬರೆದುಕೊಂಡೆ. ಮರುದಿನವೇ
ಪಾನೀ, ಘೀ, ದಹೀ, ಮೋತೀ
ಸಾಲಾಗಿ ಬಂದು ಗಂಡಸರ ಕಡೆ ಕೂತವು.
ಮೂವತ್ತು ವರ್ಷ ಮೊಸರು ಕಡೆದ ಕೈ ಇದು,
ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಕೌಂಟರಿಗೆ ಬರುತ್ತಾನೆ ಶಕೀಲ, ಬರೇಲಿಯವನು, ಟೈಲ್ಸ್ ಕೆಲಸ.
ಧೈರ್ಯ ಮಾಡಿ ಹೇಳಿದೆ: ಚಿಟ್ಠೀ ಆಯಾ ಹೈ.
ಅವನು ಸುಮ್ಮನೆ ಸಹಿ ಹಾಕಿದ.
ಸೊಂಟದೆತ್ತರದ ಮಗಳು ಕಿಸಕ್ಕನೆ ನಕ್ಕಳು: "ಆಯೀ!"
ನಿನಗೆ ಹೇಗೆ ಗೊತ್ತು, ಎಂದೆ.
ನಿನ್ನ ಬಲಗೈ ಯಾವುದು ಎಂದು ಕೇಳಿದೆನೇನೋ ಎಂಬಂತೆ ನೋಡಿದಳು.
ಹಲ್ಲು ಬಿದ್ದ ಬಾಯಿ. ಅದರೊಳಗೆ ಹಲಗೆಯಿಲ್ಲ, ಗೆರೆಯಿಲ್ಲ.
ನನಗೋ ಪ್ರತಿ ಕ್ರಿಯಾಪದಕ್ಕೂ ಮುಂಚೆ
ಚಿಲ್ಲರೆ ಎಣಿಸುವಷ್ಟು ಹೊತ್ತು.

ಅವತ್ತು ರಾತ್ರಿ ನಮ್ಮನೆಯವರು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು:
"ಅದು ಕ್ಲಾಸಿಗೆ ಹೋತು. ಇನ್ನೂ ಬಂಜಿಲ್ಲೆ."
ಚಪ್ಪಲಿ ಬಿಡುತ್ತಿದ್ದ ಕಾಲು ಅಲ್ಲೇ ನಿಂತಿತು.
ಅದು.
ನಮ್ಮ ಹವ್ಯಕರ ಮಾತಿನಲ್ಲಿ ಹೆಂಗಸರೆಲ್ಲ ಅದೇ.
ಅದು ಬಂತು, ಅದು ಹೋತು;
ಕರುವಿಗೂ ಕೊಡೆಗೂ ನನಗೂ ಒಂದೇ ಕ್ರಿಯಾಪದ.
ಐವತ್ಮೂರು ವರ್ಷ ಕಿವಿಗೆ ಬೀಳುತ್ತಲೇ ಇದ್ದದ್ದು
ಅವತ್ತು ಕೇಳಿಸಿತು.

ಸಿಟ್ಟು ಬಂತೇ? ಬಂತು.
ಕೈಕಾಲು ತೊಳೆಯುವಾಗ ನೆನಪಾಯಿತು,
ನನಗೆ ಜ್ವರ ಬಂದ ರಾತ್ರಿಗಳಲ್ಲಿ
ಆಯಿ ಒಳಗಿನಿಂದ ಕೇಳುತ್ತಿದ್ದದ್ದೂ ಹಾಗೇ:
"ಅದು ಊಟ ಮಾಡ್ಚಾ?"
ಆ ಅದುವನ್ನು ಹಲಗೆಯ ಯಾವ ಕಡೆ ಬರೆಯಲಿ?

ಪರೀಕ್ಷೆಯಲ್ಲಿ ನಲವತ್ತೊಂದು. ಪಾಸು.
ಲಿಂಗದ ಪ್ರಶ್ನೆಯಲ್ಲಿ ಹತ್ತಕ್ಕೆ ಮೂರು.
ನಿನ್ನೆ ಶಕೀಲ ಬಂದ. ಯೋಚಿಸಲೇ ಇಲ್ಲ,
ಚಿಟ್ಠೀ ಆಯೀ ಹೈ, ಎಂದುಬಿಟ್ಟೆ.
ಕೇಳಲು ಆ ಹುಡುಗಿ ಜೊತೆಗಿರಲಿಲ್ಲ.
ಹಿಗ್ಗಿನಲ್ಲಿ ಕಿಟಕಿಯಾಚೆ ಬಗ್ಗಿ ವಿಚಾರಿಸಿದೆ:
ಬೇಟೀ ಕಹಾಂ ಗಯಾ?