ಹನ್ನೆರಡು ಇಂಚು

ಚಳ್ಳಕೆರೆ ಗೇಟು ದಾಟಿ ಮೂರನೇ ಶೆಡ್ಡು.
ಬುಡೇನ್ ಸಾಬರು ನಮ್ಮ ಪಿಕಪ್ಪಿನ ಹಿಂದೆ ನಿಂತು
ಟೇಪು ಎಳೆದರು, ಬಿಟ್ಟರು,
ಸರ್ರನೆ ಒಳಗೆ ಹೋಯಿತು, ಮತ್ತೆ ಎಳೆದರು.
‘ಬಾಡಿ ಗಿಡ್ಡ ಐತಲ್ಲಮ್ಮ’ ಅಂದರು
ಹೆಣ್ಣು ನೋಡಲು ಬಂದವರ ದನಿಯಲ್ಲಿ.

ನನ್ನ ನಾದಿನಿ ಪಾಲಮ್ಮ ಬಿಡುವವಳಲ್ಲ.
‘ಗಿಡ್ಡ ಅಂತಲೇ ಆ ರೇಟಿಗೆ ಸಿಕ್ಕಿದ್ದು.
ಈಗ ಉದ್ದ ಮಾಡಾಕೆ ಆಗ್ತದಾ?’

ನಲವತ್ತು ಜೇನುಪೆಟ್ಟಿಗೆ ನಮ್ಮವು.
ಹೊಸದುರ್ಗದ ತೆಂಗು ಮುಗಿದರೆ ತುರುವನೂರಿನ ಸೂರ್ಯಕಾಂತಿ,
ಆಮೇಲೆ ಎಲ್ಲಿ ಯಾರು ಏನು ಬಿತ್ತಿದ್ದಾರೋ ಅಲ್ಲಿ.
ಹೂವಿನ ಹಿಂದೆ ಹುಳ, ಹುಳದ ಹಿಂದೆ ನಾವು,
ಇನ್ನು ನಮ್ಮ ಹಿಂದೆ ಒಂದು ಟ್ರೇಲರು.

ಬೆಂಚಿನ ಮೇಲೊಂದು ಬೆಂಕಿಪೊಟ್ಟಣ ಇಟ್ಟರು: ಇದು ನಿಮ್ಮ ಗಾಡಿ.
ಹರಿದ ರಟ್ಟು: ಇದು ಟ್ರೇಲರು.
ನಡುವೆ ಒಂದು ಮೊಳೆ ಚುಚ್ಚಿ,
‘ಕೊಂಡಿ ಕೂರೋದು ಹಿಂದಿನ ಅಚ್ಚಿನ ನೆತ್ತಿ ಮ್ಯಾಲೆ,
ಬೇಕಾದರೆ ಒಂದು ಬೆರಳು ಮುಂದೆ.
ಹಿಂದಕ್ಕೆ ಕೂರಿಸಿದಿರೋ, ಮೂತಿ ಎತ್ತುತ್ತದೆ,
ಸ್ಟೇರಿಂಗು ನಿಮ್ಮ ಮಾತು ಕೇಳಲ್ಲ.’
ರಟ್ಟನ್ನು ಮೆಲ್ಲಗೆ ತಿರುಗಿಸಿದರು, ಇನ್ನೂ ತಿರುಗಿಸಿದರು.
ಮೂಲೆ ಬಂದು ಪೊಟ್ಟಣದ ಬೆನ್ನಿಗೆ ತಾಗಿತು.
‘ಹಿಂದಿನ ಗಾಜು ಹೋತು’ ಅಂದರು.
ಗಾಜಿನ ಈಚೆ ಕೂತಿರುವುದು ನನ್ನ ತಲೆ
ಅಂತ ಅವರು ಹೇಳಲಿಲ್ಲ.

ಆಗಲೇ ಹೊರಗೆ ಗಾಳಿಯಂತ್ರದ ಒಂದು ರೆಕ್ಕೆ ಹೊರಟಿತ್ತು,
ರಸ್ತೆ ತುಂಬಾ ಬೆಳ್ಳಗೆ, ಮುಗಿಯದೆ.
ಸಾಬರು ಅರ್ಧ ಮಾತು ಬಿಟ್ಟು ಅದರ ಕೊಂಡಿಯನ್ನೇ ನೋಡಿದರು.
‘ಗ್ರೀಸು ಸಾಲದು’ ಅಂದುಕೊಂಡರು, ತಮ್ಮಷ್ಟಕ್ಕೆ.

ತಾನಾಗಿ ಸರಿಯುವ ಕೊಂಡಿ ಉಂಟಂತೆ.
ತಿರುವು ಬಂದರೆ ಹಿಂದೆ, ನೇರ ಬಂದರೆ ಮುಂದೆ,
ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ.
ಬೆಲೆ ಕೇಳಿ ಪಾಲಮ್ಮ ಎದ್ದು ನೀರು ಕುಡಿದು ಬಂದಳು.
ಅಲುಗದೇ ಕೂರುವುದು ಅಗ್ಗ;
ಗಾಜಿನ ಲೆಕ್ಕ ಅದರಲ್ಲಿ ಸೇರಿಲ್ಲ.
ಉಳಿದದ್ದು ಲಿವರಿನದು.
ಯಾರಾದರೂ ಇಳಿಯಬೇಕು, ಟ್ರೇಲರಿನ ಗಾಲಿಗೆ ಕಲ್ಲು ಕೊಡಬೇಕು,
ಲಿವರು ಎಳೆಯಬೇಕು,
ಗಾಡಿ ಹನ್ನೆರಡು ಇಂಚು ಮುಂದೆ ಹೋಗಬೇಕು. ಖಟ್.
ತಿರುಗಿದ ಮೇಲೆ ಮತ್ತೆ ಇಳಿಯಬೇಕು.
‘ಪ್ರತಿ ಸಲಾನಾ?’
‘ಪ್ರತಿ ಸಲ.’

ನಾನು ಮಾತಾಡಲಿಲ್ಲ. ಸ್ಟೇರಿಂಗು ಹಿಡಿಯುವವಳು
ಇಳಿಯುವ ಕೆಲಸದ ಬಗ್ಗೆ ಏನು ಹೇಳುವುದು?
ಪಾಲಮ್ಮ ರಟ್ಟನ್ನು ಒಮ್ಮೆ ತಾನೇ ತಿರುಗಿಸಿ ನೋಡಿದಳು.
‘ಲಿವರಿನದೇ ಹಾಕ್ರಿ. ಇಳಿಯೋಳು ನಾನಲ್ವಾ.’

ಮೊದಲ ರಾತ್ರಿ. ಹುಳಗಳೆಲ್ಲ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ
ನಲವತ್ತೂ ಪೆಟ್ಟಿಗೆ ಏರಿಸಿ ಹೊರಟೆವು.
ಊರೊಳಗೆ, ಹಿಟ್ಟಿನ ಗಿರಣಿಯ ಹತ್ತಿರ, ಮೊಣಕೈ ಹಾಗೆ ಮಡಚಿದ ಓಣಿ.
ಪಾಲಮ್ಮ ಇಳಿದಳು. ಬಾಯಲ್ಲಿ ಟಾರ್ಚು, ಕಾಲಲ್ಲಿ ಚಪ್ಪಲಿಯಿಲ್ಲ.
ಲಿವರು ಹಟ ಹಿಡಿಯಿತು; ಗಾಲಿಗೆ ಪಾದ ಕೊಟ್ಟು ಎಳೆದಳು.
ಮುಂದೆ ಹೋದೆ. ಖಟ್.
ತಿರುಗಿದೆ. ಟ್ರೇಲರಿನ ಮೂಲೆ ನನ್ನ ಕತ್ತಿನ ಹಿಂದಿನಿಂದ
ನಾಲ್ಕು ಬೆರಳಿನಷ್ಟು ದೂರ ಹಾದುಹೋಯಿತು.
ಪೆಟ್ಟಿಗೆಗಳ ಗುಂಯ್ ಒಮ್ಮೆ ಏರಿ, ಇಳಿಯಿತು.
ಇಬ್ಬರೂ ನಕ್ಕೆವು. ಗಿರಣಿಯ ನಾಯಿ ಬೊಗಳಿತು.

ನಗುತ್ತಲೇ ದೊಡ್ಡ ರಸ್ತೆಗೆ ಬಂದೆವು.
ಎರಡು ಮೈಲಿ ಆದ ಮೇಲೆ ಅನ್ನಿಸಿತು,
ಸ್ಟೇರಿಂಗು ಎಷ್ಟು ಹಗುರ!
ಒಂದೇ ಬೆರಳಿಗೆ ತಿರುಗುತ್ತಿತ್ತು, ಹೊಸ ಗಾಡಿಯ ಹಾಗೆ.
ದೀಪದ ಬೆಳಕು ರಸ್ತೆ ಬಿಟ್ಟು
ಬೇವಿನ ಕೊಂಬೆಗಳ ಮೇಲೆ ಬೀಳುತ್ತಿತ್ತು.

ಮೆಲ್ಲಗೆ ಕಾಲು ತೆಗೆದೆ. ಬ್ರೇಕು ಮುಟ್ಟಲು ಹೆದರಿಕೆ.
ಮಣ್ಣಿನ ಅಂಚಿಗೆ ಬಂದು ನಿಂತಾಗ
ತಿರುಗಿ ನೋಡಿದರೆ
ಅವಳ ಬಾಗಿಲು ಆಗಲೇ ತೆರೆದಿತ್ತು.
ಕತ್ತಲಲ್ಲಿ ಕಲ್ಲು ಹುಡುಕುವ ಸದ್ದು.